ರಸ್ತೆ ಬಂದ್ ಆದರೂ ನಿಲ್ಲದ ಪ್ರಾಜೆಕ್ಟ್

“ಬಾಟ್ಲಿ ಹೊಳೆಗೆ ಹೋಯ್ತು ಅಕ್ಕೋರೆ. ನನ್ ಪ್ರಾಜೆಕ್ಟ್ ಮುಗೀತಾ?”

2024ರ ಜುಲೈ ಮೂರನೇ ವಾರ ಬಂದ ಫೋನ್ ಇದು. ಆ ತಿಂಗಳ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿದ್ದಿತ್ತು. ಮಣ್ಣು ಗಂಗಾವಳಿಗೂ ನುಗ್ಗಿ, ಎದುರು ದಡದ ಉಳುವರೆ ಊರಿಗೆ ನೀರು ಅಪ್ಪಳಿಸಿತ್ತು. ಜೀವ ಕಳೆದುಕೊಂಡ ಮನೆಗಳ ಮುಂದೆ ಒಂದು ಪ್ಲಾಸ್ಟಿಕ್ ಬಾಟಲಿ ಯಾವ ಲೆಕ್ಕ? ಹುಡುಗಿಗೂ ಅದು ಗೊತ್ತಿತ್ತು, ಅದಕ್ಕೇ ದನಿ ಅಷ್ಟು ಸಣ್ಣದಾಗಿತ್ತು. ಬಿ.ಎ. ಎರಡನೇ ವರ್ಷ. ಅವರ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಅವಳೇ ಮೊದಲು. ಬಸ್ ಇಲ್ಲ, ಕರೆಂಟ್ ಇಲ್ಲ, ಮಳೆ ಅಳೆಯಲು ನಾವು ಕೊಟ್ಟಿದ್ದ ಬಾಟಲಿಯೂ ಇಲ್ಲ. ಇನ್ನು ಕಾಲೇಜಿಗೂ ತನಗೂ ಏನು ಸಂಬಂಧ ಉಳಿಯಿತು ಅಂತ ಅವಳು ಕೇಳುತ್ತಿದ್ದಳು.

ಅವಳ ಪ್ರಾಜೆಕ್ಟ್ ಮುಗಿಯಲಿಲ್ಲ. ಅದು ಹೇಗೆ ಮುಂದುವರಿಯಿತು ಅನ್ನುವುದೇ ಈ ಬರಹ. ನಾನು ಕರಾವಳಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ನನ್ನಂತೆ ಪದವಿ ಮಕ್ಕಳ ಕೈಯಲ್ಲಿ ಸಣ್ಣ ಸಂಶೋಧನೆ ಮಾಡಿಸಬೇಕು ಅಂತಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಸ್ವಂತವಾಗಿ ಮಾಡಬೇಕು ಅಂತಿರುವ ವಿದ್ಯಾರ್ಥಿಗಳಿಗೆ ಇದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಲೇಜು ನಿಲ್ಲುವುದು ಅಪರೂಪವೇನಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ನೆರೆ. 2020ರ ಮಾರ್ಚ್‌ನಿಂದ ಲಾಕ್‌ಡೌನ್. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಶಿರೂರು ಆಗಿ ಮೂರು ವಾರಕ್ಕೆ, 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆ ಕಾಳಿ ಸೇತುವೆ ಬಿತ್ತು. ಇದರ ನಡುವೆ ಕೆಂಪು ಅಲರ್ಟ್ ಅಂತ ಜಿಲ್ಲಾಧಿಕಾರಿಗಳು ಕೊಡುವ ರಜೆಗಳಿಗೆ ಲೆಕ್ಕವೇ ಇಲ್ಲ. ಹಾಗಿದ್ದೂ ನಾವು ಪ್ರಾಜೆಕ್ಟ್ ಕೊಡುವಾಗ ವರ್ಷವಿಡೀ ಬಿಸಿಲಿರುತ್ತದೆ, ಬಸ್ಸಿರುತ್ತದೆ ಅಂದುಕೊಂಡೇ ಕೊಡುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ.

ಮೊದಲು ಒಂದು ಹಾಳೆ

ವಿಷಯ ಆರಿಸುವ ಮೊದಲು ಪ್ರತಿ ವಿದ್ಯಾರ್ಥಿಯ ಬಗ್ಗೆ ಒಂದು ಹಾಳೆ ತುಂಬಿಸಿ. ಜಾತಿ, ಆದಾಯ ಕೇಳಬೇಡಿ. ಅದು ಆಫೀಸಿನಲ್ಲಿ ಹೇಗೂ ಇದೆ, ನಿಮ್ಮ ಕೆಲಸಕ್ಕೆ ಅದರಿಂದ ಉಪಯೋಗವೂ ಕಡಿಮೆ. ಕೇಳಬೇಕಾದದ್ದು ಬೇರೆ. ಮನೆಯಿಂದ ಕಾಲೇಜಿಗೆ ಯಾವ ದಾರಿ, ನಡುವೆ ಎಷ್ಟು ಹೊಳೆ, ಎಷ್ಟು ಘಟ್ಟ? ಮಳೆಗಾಲದಲ್ಲಿ ಕೊನೆ ಬಸ್ ಎಷ್ಟಕ್ಕೆ? ಮೊಬೈಲ್ ನಿನ್ನದಾ, ಮನೆಯವರದ್ದಾ? ರೇಂಜ್ ಎಲ್ಲಿ ಸಿಗುತ್ತದೆ? ವರ್ಷದಲ್ಲಿ ಯಾವ ತಿಂಗಳು ಮನೆ ಕೆಲಸ ಜಾಸ್ತಿ? ನಾನು ಫೋನ್ ಮಾಡಿದರೆ ಮನೆಯಲ್ಲಿ ಯಾರ ಹತ್ತಿರ ಮಾತಾಡಬಹುದು?

ಈ ಕೊನೆಯ ಎರಡು ಪ್ರಶ್ನೆಗಳ ಉತ್ತರ ಓದಿದಾಗ ಒಂದೇ ತರಗತಿಯಲ್ಲಿ ಎಷ್ಟು ಬೇರೆ ಬೇರೆ ವರ್ಷಗಳಿವೆ ಅಂತ ಗೊತ್ತಾಗುತ್ತದೆ. ಮೀನುಗಾರರ ಮನೆಯ ಹುಡುಗನಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ 61 ದಿನ, ಕೈಯಲ್ಲಿ ದುಡ್ಡಿಲ್ಲ. ಕಾಲೇಜು ಫೀ ಕಟ್ಟುವುದೂ ಸುಮಾರು ಆಗಲೇ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ತೋಟಗಳಲ್ಲಿ ಕೆಲಸ ಮಾಡುವವರ ಮಕ್ಕಳು ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ, ಹೊತ್ತಿಗೆ ಗೈರುಹಾಜರು. ಭಟ್ಕಳದ ಒಬ್ಬಳು ರಂಜಾನ್ ತಿಂಗಳಲ್ಲಿ ಸಂಜೆ ಫೋನ್ ಬೇಡ ಅಂತ ಬರೆದಿದ್ದಳು. ಹಳಿಯಾಳ ಕಡೆಯ ಸಿದ್ದಿ ಹುಡುಗನೊಬ್ಬ “ಮನೆಯಲ್ಲಿ ಕೊಂಕಣಿ, ಕಾಲೇಜಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್” ಅಂತ ಅಷ್ಟೇ ಬರೆದು, ಕೆಳಗೆ ಒಂದು ನಗುವ ಮುಖ ಬಿಡಿಸಿದ್ದ. ಆ ನಗುವ ಮುಖ ನೋಡಿ ನಾನು ನಗಲಿಲ್ಲ.

ಈ ಹಾಳೆ ಇಲ್ಲದೆ ನಾನು ಮಾಡಿದ ಎಡವಟ್ಟು ಹೇಳುತ್ತೇನೆ. 2020ರಲ್ಲಿ ಎಲ್ಲರಿಗೂ ಗೂಗಲ್ ಫಾರ್ಮ್ ಕಳಿಸಿ, ನಿಮ್ಮೂರಿನ ಸಮೀಕ್ಷೆ ಮಾಡಿ ಅಂದೆ. 18 ಜನರಲ್ಲಿ ನಾಲ್ವರು ಕಳಿಸಿದರು. ಉಳಿದವರು ಸೋಮಾರಿಗಳು ಅಂತ ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ಆಯಿತು. ಅವರಲ್ಲಿ ಇಬ್ಬರು ರೇಂಜ್ ಸಿಗಲಿ ಅಂತ ದಿನಾ ಗುಡ್ಡ ಹತ್ತುತ್ತಿದ್ದರು, ಒಬ್ಬಳು ಅಣ್ಣ ಕೆಲಸದಿಂದ ಬಂದು ಮೊಬೈಲ್ ಕೊಡುವವರೆಗೆ ಕಾಯುತ್ತಿದ್ದಳು ಅಂತ ಗೊತ್ತಾಗಿದ್ದು ವರ್ಷ ಕಳೆದ ಮೇಲೆ.

ಪ್ರಶ್ನೆ ಮನೆ ಹತ್ತಿರ ಇರಲಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ರಸ್ತೆ ಬಂದ್ ಆದ ದಿನ ವಿದ್ಯಾರ್ಥಿ ಎಲ್ಲಿರುತ್ತಾನೋ, ಅಲ್ಲೇ ಉತ್ತರ ಸಿಗುವ ಪ್ರಶ್ನೆ ಬೇಕು. ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ನಡುವೆ ಹತ್ತು ದಿನ ತಪ್ಪಿದರೂ ಉಳಿದದ್ದಕ್ಕೆ ಅರ್ಥ ಇರಬೇಕು.

ಮಕ್ಕಳು ತರುವ ಮೊದಲ ಪ್ರಶ್ನೆ ಯಾವಾಗಲೂ ದೊಡ್ಡದು. “ಉತ್ತರ ಕನ್ನಡದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ” ಅಂತ ಒಬ್ಬ ಬರೆದು ತಂದ. ಬೈಯಬೇಡಿ, ಕತ್ತರಿಸುತ್ತಾ ಹೋಗಿ. ಇಡೀ ಜಿಲ್ಲೆ ನೋಡೋಕೆ ಆಗುತ್ತಾ? ಇಲ್ಲ. ನಿಮ್ಮೂರು? ಅಘನಾಶಿನಿ ದಂಡೆ. ಅಲ್ಲಿ ಏನು ಬದಲಾಗಿದೆ ಅಂತ ಮನೆಯವರು ಹೇಳ್ತಾರೆ? ಬಾವಿ ನೀರು ಬೇಗ ಉಪ್ಪಾಗುತ್ತದೆ ಅಂತ ಅಜ್ಜಿ ಹೇಳ್ತಾಳೆ. ಎಷ್ಟು ಬಾವಿ? ನಮ್ಮ ಕೇರಿಯಲ್ಲಿ ಆರು. ಅಲ್ಲಿಗೆ ಬಂತು ನೋಡಿ: “ನಮ್ಮ ಕೇರಿಯ ಆರು ಬಾವಿಗಳಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ನೀರು ಯಾವಾಗ ಉಪ್ಪಾಗುತ್ತದೆ?” ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್, ಒಂದು ಹಗ್ಗ, ಒಂದು ನೋಟ್‌ಬುಕ್ ಸಾಕು. ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ದೊಡ್ಡ ದೊಡ್ಡವರು ಬಂದು ಅಧ್ಯಯನ ಮಾಡುವ ಜಾಗ ಅದು. ಆದರೆ ಆ ಕೇರಿಯ ಆರು ಬಾವಿಗೆ ದಿನಾ ಇಣುಕುವವನು ಇವನೊಬ್ಬನೇ.

ಹೀಗೆ ನೋಡುತ್ತಾ ಹೋದರೆ ಪ್ರಶ್ನೆಗಳಿಗೆ ಬರವಿಲ್ಲ. ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಇನ್ನೂ ಯಾರು ಬಿತ್ತುತ್ತಾರೆ, ಬಿಟ್ಟವರು ಯಾಕೆ ಬಿಟ್ಟರು? ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅಂಗಳದ ಮರ ಈ ವರ್ಷ ಯಾವ ವಾರ ಹೂ ಬಿಟ್ಟಿತು? ವಾಣಿಜ್ಯದ ಮಕ್ಕಳಿಗೆ ಮೀನುಪೇಟೆ ಇದೆ. ಬಂಗಡೆ, ತಾರ್ಲೆ, ಶೆಟ್ಲಿ ಈ ಮೂರರ ದರವನ್ನು ವಾರಕ್ಕೆ ಎರಡು ದಿನ ಬರೆದರೆ, ನಿಷೇಧದ ಎರಡು ತಿಂಗಳು ದರ ಎಲ್ಲಿಗೆ ಹೋಗುತ್ತದೆ ಅಂತ ತಾನಾಗಿಯೇ ಕಾಣುತ್ತದೆ. ಮೀನುಗಾರರ ಸಂದರ್ಶನ ಮಾಡಬೇಕಾದರೆ ಜೂನ್, ಜುಲೈನಲ್ಲೇ ಮಾಡಿ. ಬೋಟಿಗೆ ಹೋಗುವವರು ಆಗ ಮನೆಯಲ್ಲಿರುತ್ತಾರೆ, ಬಲೆ ಹೆಣೆಯುತ್ತಾ ಮಾತಾಡುತ್ತಾರೆ. ಆಗಸ್ಟ್ ಬಂದರೆ ಕೈಗೆ ಸಿಗುವುದಿಲ್ಲ.

ಅಜ್ಜಿಯ ಹಾಡು ದಾಖಲಿಸುತ್ತೇನೆ ಅನ್ನುವ ಹಾಲಕ್ಕಿ ಸಮುದಾಯದ ಮಕ್ಕಳು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಆಸೆ ಜಾಸ್ತಿಯಾಗಿದೆ, ಒಳ್ಳೆಯದೇ. ಒಂದೇ ಷರತ್ತು. ಹಾಡು ಅಜ್ಜಿಯದು. ಅವರನ್ನು ಕೇಳದೆ ಸ್ಟೇಟಸ್‌ಗೆ ಹಾಕುವಂತಿಲ್ಲ.

ಬಾಟಲಿ ಮಳೆಮಾಪಕ

ಯಾವ ವಿಷಯದ ವಿದ್ಯಾರ್ಥಿಯಾದರೂ ನಾನು ಮೊದಲು ಮಾಡಿಸುವುದು ಇದನ್ನೇ. ಖರ್ಚಿಲ್ಲ, ಕೈ ಪಳಗುತ್ತದೆ, ನಮ್ಮೂರಿನಲ್ಲಿ ಮಳೆಗಂತೂ ಕೊರತೆಯಿಲ್ಲ.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತೆಗೆದುಕೊಳ್ಳಿ. ಬದಿ ನೇರ ಇರಬೇಕು, ಸೊಂಟ ಸಣ್ಣ ಇರುವ ಬಾಟಲಿ ಬೇಡ. ಭುಜ ಶುರುವಾಗುವ ಕಡೆ ಅಡ್ಡಕ್ಕೆ ಕತ್ತರಿಸಿ. ಮುಚ್ಚಳ ತೆಗೆದು ಮೇಲಿನ ತುಂಡನ್ನು ತಲೆಕೆಳಗಾಗಿ ಕೆಳಗಿನ ತುಂಡಿನೊಳಗೆ ಕೂರಿಸಿ, ಅದೇ ಆಲಿಕೆ. ಬಾಟಲಿಯ ತಳ ಉಬ್ಬು ತಗ್ಗಾಗಿರುತ್ತದೆ. ಆದ್ದರಿಂದ ಒಳಗೆ ಸಣ್ಣ ಕಲ್ಲು ಹಾಕಿ, ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಒಂದು ಸ್ಕೇಲ್ ಅಂಟಿಸಿ. ಬಾಯಿಯೂ ಒಡಲೂ ಒಂದೇ ಅಗಲ ಇರುವುದರಿಂದ ಸ್ಕೇಲಿನಲ್ಲಿ ಎಷ್ಟು ಮಿಲಿಮೀಟರ್ ಏರಿತೋ ಅಷ್ಟೇ ಮಿಲಿಮೀಟರ್ ಮಳೆ. ಲೆಕ್ಕ ಹಾಕುವ ಗೋಜೇ ಇಲ್ಲ.

ಇಡುವ ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಸೂರಿನ ನೀರು, ತೆಂಗಿನ ಗರಿಯ ನೀರು ಒಳಗೆ ಬೀಳಬಾರದು. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇದ್ದರೆ ಒಳ್ಳೆಯದು. ತೋಟದ ನಡುವೆ ಮನೆ ಇರುವವರಿಗೆ ಇದು ಆಗುವ ಮಾತಲ್ಲ, ಗೊತ್ತು. ಇದ್ದುದರಲ್ಲಿ ಬಯಲು ಜಾಗ ನೋಡಿ, ಹಾಗೆ ಇಟ್ಟಿದ್ದೇನೆ ಅಂತ ಪುಸ್ತಕದಲ್ಲಿ ಬರೆದರೆ ಸಾಕು. ಗಾಳಿಗೆ ಹಾರದಂತೆ ಮೂರು ಇಟ್ಟಿಗೆ ಒತ್ತಿಡಿ.

ದಿನಾ ಬೆಳಿಗ್ಗೆ 8:30ಕ್ಕೆ ಓದಿ. ಹವಾಮಾನ ಇಲಾಖೆ ಓದುವುದೂ ಆ ಹೊತ್ತಿಗೇ. ಓದಿ, ಚೆಲ್ಲಿ, ಮತ್ತೆ ಸೊನ್ನೆ ಗೆರೆಯವರೆಗೆ ನೀರು ತುಂಬಿ. ಜೋರು ಮಳೆಯ ದಿನ ಸಂಜೆಯೂ ಒಮ್ಮೆ ಓದಿ ಎರಡನ್ನೂ ಕೂಡಿಸಿ, ಇಲ್ಲದಿದ್ದರೆ ಬಾಟಲಿ ತುಂಬಿ ಹರಿಯುತ್ತದೆ. ದಿನಕ್ಕೆ 204.4 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ. ನಮ್ಮ ಕರಾವಳಿಗೆ ಅದೇನು ಕಂಡರಿಯದ ಅಂಕಿ ಅಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು ಅಂತ ಹೇಳಿಕೊಡಿ. ನೂರು ಚದರ ಮೀಟರ್ ಮಾಡಿನ ಮೇಲೆ ನೂರು ಮಿ.ಮೀ. ಬಿದ್ದರೆ ಹತ್ತು ಸಾವಿರ ಲೀಟರ್. ಇದನ್ನು ಕೇಳಿದ ಮೇಲೆ ಗುಡ್ಡ ಯಾಕೆ ಜಾರುತ್ತದೆ ಅಂತ ಪಾಠ ಮಾಡುವುದು ಸುಲಭ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಅದರ ಅಂಕಿಯ ಜೊತೆ ಬಾಟಲಿಯ ಅಂಕಿಯನ್ನು ಹೋಲಿಸಿದ ದಿನ ಮಕ್ಕಳ ಮುಖ ನೋಡಬೇಕು. ಮೂರು ಕಿಲೋಮೀಟರ್ ದೂರಕ್ಕೆ ಮಳೆ ಎಷ್ಟು ಬೇರೆ!

ಸೊನ್ನೆಯೂ ಅಡ್ಡಗೆರೆಯೂ

ಬರೆಯುವುದು ನೋಟ್‌ಬುಕ್ಕಿನಲ್ಲಿ, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಮಳೆಗೆ ಕಲಸಿಹೋಗುತ್ತದೆ. ಪುಸ್ತಕಕ್ಕೊಂದು ಪ್ಲಾಸ್ಟಿಕ್ ಕೊಟ್ಟೆ. ಭಾನುವಾರ ಆ ವಾರದ ಪುಟದ ಫೋಟೋ ತೆಗೆದು ಜೋಡಿಗೆ, ಅಂದರೆ ಜೊತೆ ಮಾಡಿಕೊಟ್ಟ ಇನ್ನೊಬ್ಬ ವಿದ್ಯಾರ್ಥಿಗೆ, ಕಳಿಸಬೇಕು. ರೇಂಜ್ ಇಲ್ಲದಿದ್ದರೆ ಸಿಕ್ಕಾಗ ಕಳಿಸಿದರಾಯಿತು. ಸಮೀಕ್ಷೆ ಮಾಡುವುದಾದರೆ ಕೋಬೋ ಟೂಲ್‌ಬಾಕ್ಸ್‌ನಂಥ ಸಮೀಕ್ಷೆಯ ತಂತ್ರಾಂಶ ಬಳಸಿ. ನೆಟ್ ಇಲ್ಲದೆಯೂ ತುಂಬಿಟ್ಟುಕೊಂಡು ಆಮೇಲೆ ಕಳಿಸಲು ಬರುತ್ತದೆ.

ಈಗ ಮುಖ್ಯವಾದ ಮಾತು. ಮಳೆ ಬರಲಿಲ್ಲ ಅಂದರೆ 0 ಬರೆಯಿರಿ. ಅಳೆಯಲಿಲ್ಲ ಅಂದರೆ ಅಡ್ಡಗೆರೆ ಎಳೆಯಿರಿ. ಎರಡೂ ಒಂದೇ ಅಲ್ಲ. ಅಡ್ಡಗೆರೆಯ ಪಕ್ಕದಲ್ಲಿ ಕಾರಣ ಬರೆಯಬಹುದು, ಬರೆಯದೆಯೂ ಇರಬಹುದು. “ಜ್ವರ.” “ಅಪ್ಪನ ಜೊತೆ ಕಾರವಾರ ಆಸ್ಪತ್ರೆ.” “ಮನಸ್ಸಿರಲಿಲ್ಲ.” ಮೂರೂ ಒಪ್ಪಿಗೆ.

ಇದನ್ನು ಮೊದಲ ದಿನವೇ ಹೇಳದಿದ್ದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಒಬ್ಬ ಹುಡುಗ ಹನ್ನೆರಡು ದಿನ ಊರಲ್ಲೇ ಇರಲಿಲ್ಲ, ಪುಸ್ತಕದಲ್ಲಿ ಮಾತ್ರ ಹನ್ನೆರಡೂ ದಿನ ಚಂದದ ಅಂಕಿಗಳು. ಇನ್ನೊಬ್ಬಳು ಐದು ದಿನ ತಪ್ಪಿದ್ದಕ್ಕೆ ನಾಚಿಕೊಂಡು ಪ್ರಾಜೆಕ್ಟನ್ನೇ ಬಿಟ್ಟಳು, ಆಮೇಲೆ ನನ್ನ ಕ್ಲಾಸಿಗೂ ಬರಲಿಲ್ಲ. ಇಬ್ಬರಿಗೂ ಖಾಲಿ ಬಿಡಬಹುದು ಅಂತ ಗೊತ್ತಿರಲಿಲ್ಲ. ತಪ್ಪಿದ ದಿನಕ್ಕೆ ಜಾಗ ಇಟ್ಟರೆ ಹುಡುಗರು ಸುಳ್ಳು ಬರೆಯುವುದಿಲ್ಲ, ತಪ್ಪಿಸಿಕೊಂಡು ಓಡುವುದೂ ಇಲ್ಲ. ಒಳ್ಳೆಯ ಸಂಶೋಧನೆಗೂ ಇದೇ ಬೇಕು, ಕಷ್ಟದಲ್ಲಿರುವ ವಿದ್ಯಾರ್ಥಿಗೂ ಇದೇ ಬೇಕು. ನನಗೆ ಇದು ಹೊಳೆಯಲು ನಾಲ್ಕು ಬ್ಯಾಚ್ ಹಿಡಿಯಿತು.

ಹತ್ತು ನಿಮಿಷದ ಫೋನ್

ಮಾರ್ಗದರ್ಶನ ಅಂದಕೂಡಲೇ ಮೈಕು, ಶಾಲು, ಪ್ರೇರಣಾ ಭಾಷಣ ನೆನಪಾಗುತ್ತದೆ ಅಲ್ವಾ? ಅದನ್ನು ಬಿಡಿ. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಹತ್ತು ನಿಮಿಷ ಮಾತಾಡಿ. ಒಬ್ಬರ ಕೈಯಲ್ಲಿ ಆರು ಮಕ್ಕಳಿಗಿಂತ ಜಾಸ್ತಿ ಬೇಡ. ನಾನೊಮ್ಮೆ ಹದಿನೈದು ತೆಗೆದುಕೊಂಡು, ನವೆಂಬರ್ ಹೊತ್ತಿಗೆ ಯಾರ ಬಾವಿ ಯಾವುದು ಅಂತಲೇ ನೆನಪಿರಲಿಲ್ಲ.

ಮೊದಲ ಪ್ರಶ್ನೆ “ಡೇಟಾ ಎಲ್ಲಿ?” ಆಗಬಾರದು. “ಈ ವಾರ ಏನು ನೋಡಿದೆ?” ಅಂತ ಕೇಳಿ. ನೋಡಿದ್ದನ್ನು ಹೇಳುತ್ತಾ ಹೇಳುತ್ತಾ ಮನೆಯದ್ದೂ ಬರುತ್ತದೆ. ಬಾವಿ ನೀರಿನ ಮಾತಿನ ನಡುವೆಯೇ ಒಬ್ಬಳು, ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ, ಪರೀಕ್ಷೆಯವರೆಗಾದರೂ ತಡೆಯಲು ನೀವೊಂದು ಮಾತು ಹೇಳಿ ಅಂದಳು. ನೇರವಾಗಿ “ಏನಾದರೂ ಸಮಸ್ಯೆ ಇದೆಯಾ?” ಅಂತ ಕೇಳಿದ್ದರೆ ಸತ್ತರೂ ಹೇಳುತ್ತಿರಲಿಲ್ಲ. ನಮ್ಮ ಮಕ್ಕಳು ಆ ಪ್ರಶ್ನೆಗೆ ಕೊಡುವ ಉತ್ತರ ಒಂದೇ: “ಏನಿಲ್ಲ ಮೇಡಂ.”

ಡೇಟಾ ಪ್ಯಾಕ್ ಮುಗಿದವರಿಗೆ ಮಿಸ್ಡ್ ಕಾಲ್ ಸಾಕು, ನಾವೇ ತಿರುಗಿ ಮಾಡಬೇಕು. ವಾಟ್ಸಾಪ್ ಹೋಗದ ಕಡೆಯೂ ಎಷ್ಟೋ ಸಲ ಎಸ್‌ಎಂಎಸ್ ಹೋಗುತ್ತದೆ, ಅದನ್ನು ಮರೆತೇ ಬಿಟ್ಟಿದ್ದೇವೆ.

ಮೇಷ್ಟ್ರು ಒಬ್ಬರೇ ಸಾಕಾಗುವುದಿಲ್ಲ. ಪ್ರತಿ ವಿದ್ಯಾರ್ಥಿಗೂ ಒಬ್ಬ ಜೋಡಿ ಬೇಕು, ಸಾಧ್ಯವಾದರೆ ಒಂದು ವರ್ಷ ಹಿರಿಯರು. ಜೋಡಿ ಬೇರೆ ದಾರಿಯಿಂದ ಬರುವವರಾಗಿರಲಿ. ಘಟ್ಟದ ಮೇಲಿನವರಿಗೆ ಕೆಳಗಿನವರು, ಕಾಳಿಯಾಚೆಯ ಸದಾಶಿವಗಡದವರಿಗೆ ಕಾರವಾರ ಪೇಟೆಯವರು. ದೇವಿಮನೆ ಘಟ್ಟ ಬಂದ್ ಆದ ದಿನ ಇಬ್ಬರೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳಬಾರದು. ಇದರಿಂದ ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಭಟ್ಕಳ ಕಡೆಯ ಮುಸ್ಲಿಮರು ಆಡುವ ನವಾಯತಿ ಮನೆಮಾತಿನ ಹುಡುಗಿ ಮತ್ತು ಹವ್ಯಕ ಹುಡುಗಿ ಒಂದು ವರ್ಷ ಒಬ್ಬರ ಅಂಕಿ ಒಬ್ಬರು ತಿದ್ದಿಕೊಂಡರು. ಈಗ ಒಬ್ಬಳ ಮನೆಯ ಹಬ್ಬಕ್ಕೆ ಇನ್ನೊಬ್ಬಳು ಹೋಗುತ್ತಾಳೆ.

ಮೂರನೆಯವರು ಊರಿನ ಒಬ್ಬ ಹಿರಿಯರು. ಅಂಗನವಾಡಿಯ ಅಕ್ಕೋರು, ಹಾಲಿನ ಡೇರಿಯವರು, ನಿವೃತ್ತ ಮಾಸ್ತರರು, ಯಾರಾದರೂ ಆದೀತು. “ಇವಳು ಕಾಲೇಜಿನ ಕೆಲಸ ಮಾಡ್ತಿದ್ದಾಳೆ” ಅಂತ ಊರಿನಲ್ಲಿ ಒಬ್ಬರು ಹೇಳಿದರೆ ಹುಡುಗಿ ಬಾವಿ ಬಾವಿ ಸುತ್ತುವುದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.

ಅತಿಥಿ ಉಪನ್ಯಾಸಕರಾಗಿದ್ದರೆ ಒಂದು ಕೆಲಸ ತಪ್ಪದೆ ಮಾಡಿ. ಮುಂದಿನ ವರ್ಷ ನೀವೇ ಇರುತ್ತೀರಿ ಅನ್ನುವ ಖಾತ್ರಿ ಇಲ್ಲ, ಆ ಹೊಟ್ಟೆಯುರಿ ಇಲ್ಲಿ ಬೇಡ. ಪ್ರತಿ ವಿದ್ಯಾರ್ಥಿಗೆ ಅರ್ಧ ಪುಟ ಬರೆದಿಡಿ: ಪ್ರಶ್ನೆ ಏನು, ಎಲ್ಲಿಗೆ ಬಂದಿದೆ, ಯಾವಾಗ ಫೋನ್ ಮಾಡಬಹುದು. ಮನೆಯ ಗುಟ್ಟು ಅದರಲ್ಲಿ ಬೇಡ. ಮಾರ್ಗದರ್ಶಕರು ನಡುವೆ ಬದಲಾಗುವುದೂ ಮಕ್ಕಳಿಗೆ ಒಂದು ಗುಡ್ಡ ಕುಸಿತವೇ.

ನಿಜಕ್ಕೂ ಕುಸಿದಾಗ

ಮೊದಲ ನಿಯಮವನ್ನು ಮಳೆ ಶುರುವಾಗುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. ಕೆಂಪು ಅಲರ್ಟ್ ಇದ್ದರೆ ಯಾರೂ ಹೊರಗೆ ಹೋಗುವಂತಿಲ್ಲ. ಅಂಗಳದ ಬಾಟಲಿಯೂ ಬೇಡ, ಅಡ್ಡಗೆರೆ ಎಳೆಯಿರಿ. ಹೊಳೆ ದಂಡೆ, ಕಡಿದ ಗುಡ್ಡದ ಬುಡ, ಅಳಿವೆ ಬಾಯಿ ಮಳೆಗಾಲ ಮುಗಿಯುವವರೆಗೂ ಬೇಡ. ಶಿರೂರು ಆದ ಎರಡೇ ದಿನಕ್ಕೆ ಒಬ್ಬ ಹುಡುಗ ಅಲ್ಲಿಗೆ ಹೋಗಿ ಫೋಟೋ ತೆಗೆದು ಪ್ರಾಜೆಕ್ಟಿಗೆ ಹಾಕುತ್ತೇನೆ ಅಂದ. ಅವನಿಗೆ ನಾನು ಗಟ್ಟಿಯಾಗಿ ಬೈದೆ. ಮಣ್ಣು ಇನ್ನೂ ಜಾರುತ್ತಿತ್ತು ಅನ್ನುವುದು ಒಂದು ಕಾರಣ. ತಮ್ಮವರನ್ನು ಹುಡುಕುತ್ತಾ ಜನ ಹೊಳೆ ದಂಡೆಯಲ್ಲಿ ಕಾಯುತ್ತಿದ್ದರು ಅನ್ನುವುದು ಅದಕ್ಕಿಂತ ದೊಡ್ಡ ಕಾರಣ. ಅಂಥ ಹೊತ್ತಿನಲ್ಲಿ ಪ್ರಶ್ನಾವಳಿ ಹಿಡಿದು ಹೋಗುವುದು ಸಂಶೋಧನೆ ಅಲ್ಲ.

ಸುದ್ದಿ ಬಂದ ಮೇಲೆ ಹಾಳೆ ತೆಗೆದು, ಆ ದಾರಿಯ ಮಕ್ಕಳಿಗೆಲ್ಲ ಫೋನ್ ಮಾಡಿ. ಮೂರೇ ವಿಷಯ ಕೇಳಿ. ಎಲ್ಲರೂ ಹುಷಾರಾ? ರಾತ್ರಿ ಮಲಗೋದು ಎಲ್ಲಿ? ಕಾಗದಪತ್ರ ಉಳಿದಿದೆಯಾ? ಮೂರನೆಯದು ಆ ಹೊತ್ತಿಗೆ ಸಣ್ಣದು ಅನ್ನಿಸಬಹುದು. ಆದರೆ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನೀರಿಗೆ ಹೋದರೆ ಮುಂದೆ ಸ್ಕಾಲರ್‌ಶಿಪ್ಪೂ ಹೋಗುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಡಿಜಿಲಾಕರ್ ಖಾತೆ ಮಾಡಿಸಿ. ಮಳೆಮಾಪಕ ಮಾಡಿಸುವ ದಿನವೇ ಮಾಡಿಸಿದರೆ ಬೇಜಾರೂ ಆಗುವುದಿಲ್ಲ.

ಆಮೇಲೆ “ಬಿಡುವು” ಕೊಡಿ. ನಮ್ಮಲ್ಲಿ ಅದಕ್ಕೊಂದು ಚೀಟಿಯೇ ಇದೆ. ಇಂಥ ದಿನದಿಂದ ಬಿಡುವು, ನೋಟ್‌ಬುಕ್ ಜೋಡಿಯ ಕೈಗೆ, ವಾಪಸ್ ಬರುವ ದಿನ ಖಾಲಿ. ಚೀಟಿ ಇರುವುದರಿಂದ ಹುಡುಗ ಬಿಟ್ಟುಹೋದವನಲ್ಲ, ಬಿಡುವಿನಲ್ಲಿರುವವನು. ವಾಪಸ್ ಬಂದಾಗ ಅತಿ ಸಣ್ಣ ಕೆಲಸದಿಂದ ಶುರು ಮಾಡಿಸಿ. ಹಳೆ ಪುಟಗಳನ್ನು ಕೂಡಿಸಿ ವಾರದ ಮೊತ್ತ ಬರಿ, ಅಷ್ಟೇ. ಎಲ್ಲಿಗೆ ಹೋಗಿದ್ದೆ, ಏನಾಯಿತು ಅಂತ ಎಲ್ಲರೆದುರು ಕೇಳಬೇಡಿ.

ಬಾಟಲಿ ಕಳೆದುಕೊಂಡವಳಿಗೂ ಇದೇ ಆಯಿತು. ಹೊಸ ಬಾಟಲಿ ಕಳಿಸಲು ದಾರಿ ಇರಲಿಲ್ಲ. ಅವಳೇ ಒಂದು ದಿನ ಕೇಳಿದಳು: “ಅಜ್ಜ ಹಿಂದಿನ ನೆರೆ ಎಲ್ಲೀತನಕ ಬಂದಿತ್ತು ಅಂತ ಗೋಡೆ ತೋರಿಸ್ತಾರೆ. ಅದನ್ನ ಬರೀಲಾ?” ಬರಿ ಅಂದೆ. ನೀರಿಳಿದ ಮೇಲೆ ಕೇರಿಯ ಮನೆಗಳಲ್ಲಿ ಟೇಪು ಹಿಡಿದು, 2019ರಲ್ಲಿ ನೀರು ಎಲ್ಲಿಗೆ ಬಂದಿತ್ತು, ಈ ಸಲ ಎಲ್ಲಿಗೆ ಬಂತು ಅಂತ ನೆಲದಿಂದ ಅಳೆದಳು. ಮಳೆಯ ಪ್ರಾಜೆಕ್ಟ್ ನೆರೆಯ ಪ್ರಾಜೆಕ್ಟ್ ಆಯಿತು.

ಹಾಜರಿ, ದುಡ್ಡು

ಹಾಜರಿ ಕೊರತೆ ಆಗುವವರ ಬಗ್ಗೆ ಪ್ರಾಂಶುಪಾಲರಿಗೆ ಅದೇ ವಾರ ಲಿಖಿತವಾಗಿ ಕೊಡಿ. ಪರೀಕ್ಷೆ ಹತ್ತಿರ ಬಂದಾಗ ಬಾಯಿಮಾತು ನಡೆಯುವುದಿಲ್ಲ. ಸ್ಕಾಲರ್‌ಶಿಪ್ ಪೋರ್ಟಲ್‌ನ ಕೊನೆ ದಿನಾಂಕ ಗೋಡೆಗೆ ಅಂಟಿಸಿ.

ಪ್ರಾಜೆಕ್ಟಿಗೆ ವಿದ್ಯಾರ್ಥಿಯ ಕೈಯಿಂದ ಒಂದು ರೂಪಾಯಿಯೂ ಹೋಗಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಚಿಂತೆ ಇಲ್ಲ. ಹುಡುಗರ ಬಸ್ ಚಾರ್ಜ್ ನಾವೇ ಸ್ಟಾಫ್ ರೂಮಿನ ಡಬ್ಬದಿಂದ ಕೊಡುತ್ತೇವೆ. ಡಬ್ಬ ಖಾಲಿಯಾದರೆ ಓಡಾಟ ಇಲ್ಲದ ಪ್ರಶ್ನೆ ಆರಿಸುತ್ತೇವೆ.

ಪಠ್ಯಕ್ರಮದಲ್ಲಿ ಸಂಶೋಧನೆಗೆ ಜಾಗ ಬರಲಿ ಅಂತ ಕಾಯಬೇಡಿ. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಬಂದದ್ದು 2021-22ರಲ್ಲಿ, ಮತ್ತೆ ಮೂರು ವರ್ಷಕ್ಕೆ ತಿರುಗಿದ್ದು 2024-25ರಲ್ಲಿ. ಅದು ಬಂದು ಹೋಗುವಷ್ಟರಲ್ಲಿ ನಮ್ಮ ಬಾವಿ ಪುಸ್ತಕ ಮೂರನೆಯದು ತುಂಬಿತ್ತು. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ಮಕ್ಕಳನ್ನು ಸಂಶೋಧನೆಗೆ ಸೇರಿಸುವ ಕಾರ್ಯಕ್ರಮ ಶುರು ಮಾಡಿದ್ದು 1969ರಲ್ಲಿ. 2020ರಲ್ಲಿ ಆ ದೇಶದ ಎಷ್ಟೋ ಬೇಸಿಗೆ ಸಂಶೋಧನಾ ಶಿಬಿರಗಳು ರದ್ದಾದವು, ಇಲ್ಲವೇ ಆನ್‌ಲೈನ್ ಆದವು. ಪ್ರಯೋಗಾಲಯದ ಬಾಗಿಲು ಮುಚ್ಚಿದರೆ ಅವರಿಗೂ ಕಷ್ಟ. ಅಂಗಳದಲ್ಲಿಟ್ಟ ಬಾಟಲಿಗೆ ಬಾಗಿಲೇ ಇಲ್ಲ!

ಯಾವ ಭಾಷೆಯಲ್ಲಿ ಬರೆಯುವುದು?

ನೋಟ್‌ಬುಕ್ ಯಾವ ಭಾಷೆಯಲ್ಲಾದರೂ ಇರಲಿ. ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದರೂ ಸರಿ. ಮೀನಿನ ಹೆಸರು, ಮಳೆಯ ಹೆಸರು, ಮಣ್ಣಿನ ಹೆಸರು ಮನೆಯಲ್ಲಿ ಹೇಳುವ ಹಾಗೇ ಬರಲಿ, ಅನುವಾದ ಆಮೇಲೆ. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರ ಜೊತೆ ಮಾತಾಡಿದ ಹುಡುಗಿಯ ಪುಸ್ತಕದಲ್ಲಿ ಕೆಸರಿಗೇ ನಾಲ್ಕು ಹೆಸರುಗಳಿದ್ದವು. ನಾನು ಭೂಗೋಳ ಕಲಿಸುವವಳು, ನನಗೆ ಒಂದೇ ಗೊತ್ತಿತ್ತು. ವರದಿ ಮೊದಲು ಕನ್ನಡದಲ್ಲಿ ಬರೆಸಿ. ಇಂಗ್ಲಿಷ್ ಬೇಕಾದರೆ ಕೊನೆಗೆ ಒಂದು ಪುಟ, ನೀವು ಜೊತೆಗೆ ಕೂತು.

ಕೆಲಸ ಮುಗಿದ ಮೇಲೆ ಮೊದಲು ತೋರಿಸಬೇಕಾದ್ದು ಆ ಊರಿಗೆ. ಬಾವಿಯ ಚಾರ್ಟನ್ನು ಕೇರಿಯ ಅಂಗನವಾಡಿ ಗೋಡೆಗೆ ಹಾಕಿ. ಪೋಸ್ಟರಿನಲ್ಲಿ ಬಿಡುವು ತೆಗೆದುಕೊಂಡವರ ಹೆಸರೂ ಇರಬೇಕು, ಅಕ್ಷರ ಕ್ರಮದಲ್ಲಿ.

ಇದರ ರುಚಿ ಹತ್ತಿದವರಿಗೆ ಮುಂದಿನ ದಾರಿ ತೋರಿಸಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ, ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ಗೆ ಪದವಿ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಶಿಫಾರಸು ಪತ್ರದಲ್ಲಿ “ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿನಿ” ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಎಷ್ಟು ದಿನ ಅಳೆದಳು, ಎಷ್ಟು ದಿನ ಅಡ್ಡಗೆರೆ ಇದೆ, ಯಾಕೆ ಅಂತ ಬರೆಯಿರಿ.

ಆ ಹುಡುಗಿಯ ಪುಸ್ತಕ ಈಗ ನನ್ನ ಕಪಾಟಿನಲ್ಲಿದೆ. ಜುಲೈ 15ರವರೆಗೆ ಅಂಕಿಗಳು. 16ರಿಂದ ಅಡ್ಡಗೆರೆಗಳು, ಒಂದರ ಕೆಳಗೊಂದು, ಮುಂದಿನ ಪುಟದ ಅರ್ಧದವರೆಗೆ. ಯಾವುದರ ಪಕ್ಕದಲ್ಲೂ ಕಾರಣ ಬರೆದಿಲ್ಲ. ಆಮೇಲೆ “ಅಜ್ಜನ ಗೋಡೆ, 2019: 4 ಅಡಿ 2 ಇಂಚು” ಅಂತ ಶುರುವಾಗುತ್ತದೆ. ಹೊಸ ಬ್ಯಾಚಿಗೆ ಬಾಟಲಿ ಕತ್ತರಿಸುವ ಮೊದಲು ನಾನು ಆ ಪುಟವನ್ನೇ ತೆಗೆದು ತೋರಿಸುತ್ತೇನೆ. ಬಾಟಲಿ ಕೂಡಿಡುವುದನ್ನು ಮಾತ್ರ ಏಪ್ರಿಲ್‌ನಲ್ಲೇ ಶುರು ಮಾಡಿ. ಮೇ ಕೊನೆಗೆ ಹುಡುಕಿದರೆ ನೇರ ಬದಿಯ ಬಾಟಲಿ ಒಂದೂ ಸಿಗುವುದಿಲ್ಲ.